ಮಡಿ ಹೆಂಗಸಿನ ಹಸಿವು

ಜಯಸಿಂಹನನ್ನು ಮೊದಲ ದಿನ ಕಂಡಾಗಲೇ ನನಗೆ ಮೈ ಉರಿಯಿತು. ಇಸ್ತ್ರಿ ಮಾಡಿದ ಸಫಾರಿ, ಹಣೆಯಲ್ಲಿ ಸಣ್ಣ ನಾಮ, ಮಾತಿಗೆ ಮುಂಚೆ ಕೈಮುಗಿಯುವ ವಿನಯ. ಮುಂಬಯಿಯ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಆಫೀಸರ್ ಅಂತೆ. ಸಯನ್ ಕಡೆ ನಮ್ಮದೊಂದು ಸಣ್ಣ ಟ್ರಸ್ಟಿನ ಆಸ್ಪತ್ರೆ. ಅಲ್ಲಿಯ ಹೆಂಗಸರ ವಾರ್ಡಿಗೆ ತನ್ನ ಸತ್ತ ಅಣ್ಣನ ಹೆಂಡತಿ, ಮೈಸೂರು ಕಡೆಯ ಪುಟ್ಟಲಕ್ಷ್ಮಮ್ಮನನ್ನು ಸೇರಿಸಿದ್ದ. ಅವರಿಗೆ ಅರ್ಧ ಮೈ ಲಕ್ವ ಹೊಡೆದಿತ್ತು. ಬಲಗೈ ಏಳುತ್ತಿರಲಿಲ್ಲ, ಮಾತು ತಡೆದು ತಡೆದು ಬರುತ್ತಿತ್ತು. ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಬೆನ್ನಿನಲ್ಲಿ ಹುಣ್ಣು, ಎಡಗೈ ಮಣಿಕಟ್ಟಿನಲ್ಲಿ ಹಗ್ಗ ಉಜ್ಜಿದ ಕಪ್ಪು ಗುರುತು.

“ನಮ್ಮ ಅತ್ತಿಗೆ ತುಂಬಾ ಮಡಿ ಮೇಡಂ,” ಎಂದ. “ಅಣ್ಣ ಹೋದ್ಮೇಲೆ ಒಪ್ಪೊತ್ತು ಊಟ. ಕಂಡಕಂಡವರು ಮುಟ್ಟಿದ್ದನ್ನ ಬಾಯಿಗಿಡಲ್ಲ. ಬೇಕಾದ್ರೆ ಅವರನ್ನೇ ಕೇಳಿ.” ಮಂಚದ ಮೇಲೆ ಬಾಗಿ, “ಅತ್ತಿಗೆ, ಏನಾದ್ರೂ ತಿಂತೀರಾ?” ಎಂದ. ಪುಟ್ಟಲಕ್ಷ್ಮಮ್ಮ ಅವನ ಮುಖ ನೋಡಿ, ಬೇಡವೆಂದು ತಲೆಯಾಡಿಸಿದರು. ಹಗ್ಗದ ಗುರುತು ಏನೆಂದು ಕೇಳಿದೆ. “ನಿದ್ದೇಲಿ ಉರುಳಿಬಿಡ್ತಾರೆ ಅಂತ ಕಟ್ಟಿರ್ತೀವಿ,” ಎಂದ, ತಂಗಾಳಿಯ ಬಗ್ಗೆ ಮಾತಾಡುವವನ ದನಿಯಲ್ಲಿ.

ನಮ್ಮ ಡಾಕ್ಟರು ಮರಾಠಿಯವರು, ಕನ್ನಡ ಬಾರದು. ರೋಗಿಯ ಮಾತು ತಿಳಿಯದಿದ್ದರೆ ಜೊತೆಗೆ ಬಂದ ನೆಂಟನನ್ನೇ ಕೇಳುವುದು ಆಸ್ಪತ್ರೆಯ ರೂಢಿ. ಹೊಡೆದವನನ್ನೇ ಕರೆದು ನೋವು ಎಲ್ಲಿ ಎಂದು ಕೇಳುವ ರೂಢಿ ಅದು. ಡಾಕ್ಟರು ಕೇಳಿದರು, ಜಯಸಿಂಹ ಹೇಳಿದ, ವ್ರತ ಉಪವಾಸದಿಂದ ನಿಶ್ಶಕ್ತಿ ಎಂದು ತೀರ್ಮಾನವಾಯಿತು.

ನಾನು ಆ ಆಸ್ಪತ್ರೆಯ ಸೋಷಿಯಲ್ ವರ್ಕರ್, ವನಮಾಲಾ. ಆ ವರ್ಷ, ಎಂಬತ್ತೇಳರಲ್ಲಿ, ನನ್ನನ್ನು ಚರ್ಚ್‌ಗೇಟಿನಲ್ಲೊಂದು ತರಬೇತಿಗೆ ಕಳಿಸಿದ್ದರು. ಅಸಹಾಯಕರಾದ ದೊಡ್ಡವರನ್ನು ಮನೆಯವರ ಹಿಂಸೆಯಿಂದ ಕಾಪಾಡುವುದು ಹೇಗೆ ಎಂದು ವಿಲಾಯತಿಯಿಂದ ಬಂದ ಒಬ್ಬಾಕೆ ಪಾಠ ಹೇಳಿ, ನುಣುಪು ಕಾಗದದ ಕೈಪಿಡಿ ಹಂಚಿದಳು. ಸಂಶಯ ಬಂದರೆ ರಕ್ಷಣಾಧಿಕಾರಿಗೆ ಫೋನ್ ಮಾಡಬೇಕಂತೆ. ಮುಂಬಯಿಯಲ್ಲಿ ಆತ ಯಾವ ಬಿಲ್ಡಿಂಗಿನಲ್ಲಿ ಕೂರುತ್ತಾನೆ ಎಂದು ನಾನು ಕೇಳಿದ್ದಕ್ಕೆ ಇಡೀ ಹಾಲ್ ನಕ್ಕಿತು. ನನಗೆ ನಗು ಬರಲಿಲ್ಲ. ಹೆಂಡತಿಯನ್ನು ಸುಟ್ಟರೆ ಪೊಲೀಸರು ಬರುತ್ತಿದ್ದರು, ಕೆಲವೊಮ್ಮೆ. ಅತ್ತಿಗೆಯನ್ನು ಹಸಿವಿನಲ್ಲಿ ಕೆಡವಿದರೆ ಯಾವ ಠಾಣೆಯೂ ಮೂಸಿ ನೋಡುತ್ತಿರಲಿಲ್ಲ. ಆ ಕೈಪಿಡಿಯಿಂದ ನನಗೆ ದಕ್ಕಿದ್ದು ಒಂದೇ ಮಾತು: ರೋಗಿಯನ್ನು ಒಬ್ಬರೇ ಇರುವಾಗ ಕೇಳಿ.

ಔಷಧಿಯ ನೆಪ ಹೇಳಿ ಜಯಸಿಂಹನನ್ನು ಸ್ಟೇಷನ್ ಹತ್ತಿರದ ಅಂಗಡಿಗೆ ಅಟ್ಟಿದೆ.

“ಅಮ್ಮಾ, ನಾನೂ ಮೈಸೂರಿನವಳೇ. ಅವರು ಇಲ್ಲಿಲ್ಲ. ಹಸಿವಾಗಿದೆಯಾ?”

ಪುಟ್ಟಲಕ್ಷ್ಮಮ್ಮ ಬಾಗಿಲ ಕಡೆ ನೋಡಿದರು. “ಹ... ಹಸಿವು. ಕೇಳಿದ್ರೆ... ಕಟ್ತಾನೆ.”

“ಮತ್ತೆ ಮಡಿ?”

“ಮಡಿ ಅವನ ಮಾತು,” ಎಂದರು. “ನಂಗೆ... ಹೊಟ್ಟೆ.”

ವಾರ್ಡಿನ ಆಯಾ ಹಲೀಮಾ ವಿಜಾಪುರದ ಕಡೆಯವಳು, ಕುರ್ಲಾದ ಚಾಳಿನಲ್ಲಿ ಮನೆ. ಅವಳು ಚಹಾದಲ್ಲಿ ಬ್ರೆಡ್ ಅದ್ದಿ ಬಾಯಿಗಿಟ್ಟಳು. ಪುಟ್ಟಲಕ್ಷ್ಮಮ್ಮ ಅಗಿಯದೆ ನುಂಗಿದರು. ಜಯಸಿಂಹನ ಬೂಟಿನ ಸದ್ದು ಕೇಳಿದ್ದೇ ತುಟಿ ಬಿಗಿಯಿತು. ಚಹಾ ಗಲ್ಲದ ಮೇಲೆ ಹರಿಯಿತು.

ಅವನಿಗೆ ಅವರು ಜೀವಂತ ಬೇಕಿತ್ತು, ಅದು ಬೇರೆ ಮಾತು. ಅವನು ಸಂಸಾರ ಹೂಡಿದ್ದ, ಹಿಂದೆಂದೋ ದೊಡ್ಡ ಮೊತ್ತ ಕೊಟ್ಟು ಪುಡಿಗಾಸಿನ ಬಾಡಿಗೆಗೆ ಹಿಡಿದ ಪಗಡಿ ಮನೆ ಅತ್ತಿಗೆಯ ಹೆಸರಿನಲ್ಲಿತ್ತು. ಅವರು ಸತ್ತರೂ, ಬೇರೆಲ್ಲೋ ಹೋಗಿ ನೆಲೆಸಿದರೂ ಮನೆ ಬಿಡಿಸಲು ಮಾಲೀಕ ಕಾಯುತ್ತಲೇ ಇದ್ದ. ಆದ್ದರಿಂದ ಅವರು ಸಾಯಲೂ ಕೂಡದು, ಹೊಟ್ಟೆ ತುಂಬ ತಿಂದು ಹಾಸಿಗೆಯ ಹೊಲಸು ಬಳಿಯುವ ಕೆಲಸ ಹಚ್ಚಲೂ ಕೂಡದು. ಪಾಪಿಯ ಲೆಕ್ಕಾಚಾರ ಅಷ್ಟೇ.

ಚೆಂಬೂರಿನ ಕಡೆ ಒಂದು ಮಹಿಳಾಶ್ರಮ ಜಾಗ ಕೊಡಲು ಒಪ್ಪಿತು. ಆದರೆ ಜಾತಿಯ ಹಿರಿಯನೊಬ್ಬ ಜವಾಬ್ದಾರಿ ಹೊರದೆ ಯಾವ ಹೆಂಗಸನ್ನೂ ಅಲ್ಲಿ ಒಳಗೆ ಬಿಡುತ್ತಿರಲಿಲ್ಲ. ಪುಟ್ಟಲಕ್ಷ್ಮಮ್ಮನದೂ ನನ್ನದೂ ಒಂದೇ ಜಾತಿ; ನಮ್ಮವರ ಭಜನಾ ಮಂಡಳಿಯ ಅಧ್ಯಕ್ಷ ಸತ್ಯಮೂರ್ತಿಗಳಿಗೆ ಹೇಳಿಕಳಿಸಿದೆ. ಡಿಸ್ಚಾರ್ಜ್ ದಿನ ಅವರು ಬಂದರು, ಜಯಸಿಂಹನ ಜೊತೆ, ಅವನದೇ ಟ್ಯಾಕ್ಸಿಯಲ್ಲಿ.

“ಏನಮ್ಮ ಇದು, ವನಮಾಲಾ? ಮಾನವಂತರ ಮನೆ ಮಾತನ್ನ ಬೀದಿಗೆ ತರ್ತೀಯಾ? ಆಕೆ ನಿಷ್ಠೆ ನೋಡಿ ನೀನು ಕೈಮುಗೀಬೇಕು.”

“ಅದು ನಿಷ್ಠೆ ಅಲ್ಲ ಸಾರ್, ಇವರ ಹಗ್ಗ,” ಎಂದೆ.

“ನಾಲಿಗೆ ಬಿಗಿ ಹಿಡೀರಿ!” ಎಂದು ಜಯಸಿಂಹ ಗದರಿದ. ವಿನಯ ಎಲ್ಲಿ ಹೋಯಿತೋ. “ನಿಮ್ಮ ಟ್ರಸ್ಟಿಗಳು ನಂಗೆ ಗೊತ್ತು. ನಾಳೆ ನಿಮ್ಮ ಕುರ್ಚಿ ಇರಲ್ಲ.”

ಡಾಕ್ಟರು, “ಬೆಡ್ ಖಾಲಿ ಕರೋ ಭಾಯಿ,” ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ನಾನು ಹಲೀಮಾಳಿಗೆ ಚಹಾ ಬ್ರೆಡ್ ತರಲು ಹೇಳಿದೆ. ಅವಳು ನನ್ನನ್ನು ಮೂಲೆಗೆ ಎಳೆದಳು.

“ನಿಮ್ಮವರ ಜಗಳಕ್ಕ ನನ್ನ ಕೈ ಯಾಕ್ರಿ ಅಕ್ಕಾರ? ನೀವ ಉಣಸ್ರಿ. ಅವ್ರು ಒದರಾಡಿದ್ರ ನೌಕರಿ ಹೋಗೂದು ನಂದು.”

“ನನ್ನ ಕೈಯಲ್ಲಿ ತಿಂದರೆ ಆ ಜಯಸಿಂಹನ ಸುಳ್ಳು ಬಯಲಾಗಲ್ಲ ಹಲೀಮಾ. ನಾನೂ ಇವರ ಜಾತಿಯವಳೇ.”

ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. “ಆ ಅಮ್ಮನ ಸಲುವಾಗಿ ಬರ್ತೀನ್ರಿ. ನಿಮ್ಮ ಸಲುವಾಗಿ ಅಲ್ಲ,” ಎಂದು ಹೋಗಿ ಚಹಾದ ಕಪ್ಪು, ಬ್ರೆಡ್ ತಂದಳು.

“ಅಮ್ಮಾ,” ಎಂದೆ ಪುಟ್ಟಲಕ್ಷ್ಮಮ್ಮನಿಗೆ, “ಇವರ ಮುಂದೆ ತಿಂತೀರಾ? ಬೇಡ ಅಂದ್ರೆ ಬಲವಂತ ಇಲ್ಲ.”

ಜಯಸಿಂಹ ನಕ್ಕ. “ಕೊಡಿ, ನೋಡೋಣ. ಅತ್ತಿಗೆ, ಸಾಬರ ಕೈ ತುತ್ತು ತಿಂತೀರಾ? ಮನೇಲಿ ನಾನಿರ್ತೀನಿ, ನೆನಪಿರಲಿ.”

ಪುಟ್ಟಲಕ್ಷ್ಮಮ್ಮನ ಕಣ್ಣು ಅವನ ಮೇಲೆಯೇ ನೆಟ್ಟಿತ್ತು. ಹಲೀಮಾಳ ಬೆರಳ ನಡುವೆ ಬ್ರೆಡ್ ನೆಂದು ತೊಟ್ಟಿಕ್ಕುತ್ತಿತ್ತು. ನನಗೆ ನಿಜವಾಗಿ ಭಯವಾಯಿತು. ಇನ್ನೊಂದು ಸಲ ತಲೆಯಾಡಿಸಿದರೆ ಮುಗಿಯಿತು, ಆ ಮನೆಯಿಂದ ಇವರ ಹೆಣವೇ ಹೊರಗೆ ಬರುವುದು. ಆಮೇಲೆ ಅವರು ಬಾಯಿ ತೆರೆದು ತುತ್ತು ನುಂಗಿದರು.

ಸತ್ಯಮೂರ್ತಿಗಳು ಶಾಲು ಎಳೆದುಕೊಂಡು ಹಿಂದೆ ಸರಿದರು. “ರಾಮ ರಾಮ! ಜಯಸಿಂಹ, ಇನ್ನು ಇವರನ್ನ ಮಡಿ ಮನೆಗೆ ಹೇಗಪ್ಪ ಕರ್ಕೊಂಡು ಹೋಗ್ತೀಯ? ಆ ಆಶ್ರಮವೇ ಸರಿ.”

ಜಯಸಿಂಹನ ಮುಖದ ಬಣ್ಣ ಇಳಿಯಿತು. ಪಗಡಿ ಮನೆ ಕೈತಪ್ಪಿ ಹೋಗುವುದು ಅವನ ಕಣ್ಣಿಗೆ ಕಟ್ಟಿರಬೇಕು.

“ಅಯ್ಯೋ, ಅದೇನು ಮಹಾ ಸಾರ್!” ಎಂದು ಅವಸರ ಅವಸರವಾಗಿ ಹೇಳಿದ. “ಈ ಬೊಂಬಾಯಲ್ಲಿ ಮಡಿಗಿಡಿ ಯಾರು ನೋಡ್ತಾರೆ? ನಮ್ಮನೇಲಿ ಯಾರೂ ಪಾಲಿಸಲ್ಲ. ಅತ್ತಿಗೇನೂ ಅಷ್ಟೇ. ಮನೆಗೆ ಬರಲಿ.”

“ಯಾರೂ ಪಾಲಿಸಲ್ವೇ?” ಸತ್ಯಮೂರ್ತಿಗಳು ಮಂಚದ ಮೇಲಿನ ಎಲುಬುಗಳನ್ನು ಆಗಷ್ಟೇ ಕಂಡವರಂತೆ ನೋಡಿದರು. “ಮತ್ತೆ ಇವರಿಗೆ ಅನ್ನ ಯಾಕೆ ಹಾಕಲಿಲ್ಲ?”

ಟ್ಯಾಕ್ಸಿ ಕಾಯುತ್ತಿದೆ ಎಂದ ಜಯಸಿಂಹ. ಆಶ್ರಮಕ್ಕೆ ತಾವೇ ಜೊತೆಗೆ ಬರುವುದಾಗಿ ಸತ್ಯಮೂರ್ತಿಗಳು ನನಗೆ ಹೇಳಿದರು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಮಡಿ ಕೆಟ್ಟದ್ದು ಕಾಣಿಸಿದ ಮೇಲೆಯೇ ಅವರಿಗೆ ಮನುಷ್ಯ ಜೀವ ಕಾಣಿಸಿದ್ದು.

ಪುಟ್ಟಲಕ್ಷ್ಮಮ್ಮನಿಗೆ ನಮ್ಮ ಯಾರ ಗೊಡವೆಯೂ ಇರಲಿಲ್ಲ. ಹಗ್ಗದ ಗುರುತಿದ್ದ ಎಡಗೈಯಿಂದ ಹಲೀಮಾಳ ಸೆರಗು ಹಿಡಿದುಕೊಂಡು, ಮೈದುನನ ಮುಖವನ್ನೇ ನೋಡುತ್ತಾ, ಒಂದು ಸಲವೂ ತಡವರಿಸದೆ ಹೇಳಿದರು:

“ಇನ್ನೊಂದು ಕೊಡಮ್ಮ.”