ನೂರ ನಲವತ್ತು ಗ್ರಾಂ

ನಾನು ತೂಕದ ಹುಚ್ಚ. ಗುಡ್ಡ ಏರುವ ಕಾರ್ ಸ್ಪರ್ಧೆಗೆ ಬಿದ್ದ ಯಾರಿಗೂ ಈ ಹುಚ್ಚು ತಪ್ಪಿದ್ದಲ್ಲ, ನನಗೆ ಒಂದು ಹಿಡಿ ಜಾಸ್ತಿ. ಎರಡೇ ಸೀಟಿನ ನನ್ನ ಕೆಂಪು ಕಾರಿನ ನಾಲ್ಕೂ ಚಕ್ರಗಳ ಕೆಳಗೆ ತಕ್ಕಡಿ ಇಟ್ಟು ಹೆಲ್ಮೆಟ್ ಸಮೇತ ಒಳಗೆ ಕೂರುತ್ತಿದ್ದೆ. ಹೆಂಡತಿ ಮುರಿಯಲ್ ಅಂಕಿ ಓದುತ್ತಿದ್ದಳು. ಪ್ರತಿ ಸಲವೂ ನಾನು ಕೂತ ಬಲಗಡೆಯೇ ಭಾರ.

ಹಾಗಾಗಿ ಈ ವರ್ಷದ ಕೊನೆಯ ಸ್ಪರ್ಧೆಗೆ ಮೊದಲು ಎಂಜಿನ್ ಪಕ್ಕದಲ್ಲಿದ್ದ ಬ್ಯಾಟರಿಯನ್ನು ಕಿತ್ತು ಕಾರಿನ ಒಳಕ್ಕೇ ತಂದೆ, ಎಡಸೀಟಿನವರು ಕಾಲಿಡುವ ಜಾಗಕ್ಕೆ. ಹನ್ನೊಂದು ಕಿಲೋ. ಭದ್ರವಾದ ಡಬ್ಬಿ, ಮುಚ್ಚಳ, ಅನಿಲ ಹೊರಹೋಗಲು ಕೊಳವೆ, ಎಲ್ಲ ಮಾಡಿದೆ. ಎಡಬಲ ಸಮವಾಯಿತು. ಅಲ್ಲಿಗೇ ಕೈಬಿಡಬೇಕಿತ್ತು. ಡಬ್ಬಿಯನ್ನು ಹಿಡಿದಿಡುವ ಉಕ್ಕಿನ ಪಟ್ಟಿ ಭಾರ ಅನ್ನಿಸಿ, ಅದಕ್ಕೆ ಬೆರಳು ತೂರುವಷ್ಟು ಅಗಲದ ಇಪ್ಪತ್ತಾರು ತೂತು ಕೊರೆದೆ. ನೂರ ನಲವತ್ತು ಗ್ರಾಂ ಇಳಿಯಿತು.

"ಅದಕ್ಕಿಂತ ಆ ಹೊಟ್ಟೆ ಕರಗಿಸಬಾರದಾ?" ಅಂದಳು ಮುರಿಯಲ್.

ನಮ್ಮ ಸ್ಪರ್ಧೆಗಳಲ್ಲಿ ಹನ್ನೊಂದು ವರ್ಷದಿಂದ ಡೆಸ್ಮಂಡ್ ಪೋಕಾಕ್ ಮೊದಲು, ನಾನು ಎರಡನೆಯವನು. ಈ ಸಲ ಇಬ್ಬರ ಅಂಕವೂ ಸಮ. ಅಕ್ಟೋಬರಿನ ಕೊನೆಯ ಸ್ಪರ್ಧೆಯಲ್ಲಿ ಯಾರು ಮುಂದೋ ಅವರದು ಕಪ್.

ಆ ಬೆಳಿಗ್ಗೆ ತಪಾಸಣೆಗೆ ಬಂದವರು ಹಿಲರಿ ಟ್ರಾಂಟರ್. ಎಪ್ಪತ್ತರ ಹೆಂಗಸು, ಮುಖದಲ್ಲಿ ನಗು ಕಂಡವರಿಲ್ಲ. ಅವರ ಸ್ಟಿಕ್ಕರ್ ಇಲ್ಲದೆ ಕಾರು ಸಾಲಿನಲ್ಲೂ ನಿಲ್ಲುವಂತಿಲ್ಲ. ಒಳಗೆ ಕೈ ಹಾಕಿ ಬ್ಯಾಟರಿ ಡಬ್ಬಿ ಹಿಡಿದು ಅಲ್ಲಾಡಿಸಿದರು. ಪಟ್ಟಿ ಕಿರ್ ಎಂದಿತು.

"ಇದೇನಪ್ಪಾ, ಪಟ್ಟಿನೋ ಜರಡಿನೋ?"

"ತೂಕ ಕಮ್ಮಿ ಆಗ್ಲಿ ಅಂತ ಮೇಡಂ. ನೂರ ನಲವತ್ತು ಗ್ರಾಂ."

"ಬೆಳಿಗ್ಗೆ ಏನ್ ತಿಂದೆ?"

"ಬೇಕನ್ ರೋಲ್."

"ಎಷ್ಟು?"

"ಎರಡು."

"ಅದೇ ಜಾಸ್ತಿ ತೂಗುತ್ತೆ. ಗಲ್ಲದ ಮೇಲಿನ ಸಾಸ್ ಒರೆಸ್ಕೋ. ಸ್ಟಿಕ್ಕರ್ ಕೊಡಲ್ಲ."

ಸುತ್ತ ನಿಂತವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಮುದುಕಿಗೆ ನನ್ನ ಮೇಲೆ ಹಗೆ ಎಂದು ಮುರಿಯಲ್ ಮುಂದೆ ಒದರಾಡುತ್ತಿದ್ದಾಗ ಪೋಕಾಕ್ ಬಂದ. ಕೈಯಲ್ಲಿ ದಪ್ಪನೆಯ ಉಕ್ಕಿನ ಪಟ್ಟಿ, ನಾಲ್ಕು ಬೋಲ್ಟು.

"ಭಾರ ಇದೆಯಲ್ಲೋ," ಎಂದೆ.

"ಭಾರ ಇದೆ ಅಂತಾನೇ ತಂದಿದ್ದು."

"ನಾನು ಓಡ್ಸದಿದ್ರೆ ಕಪ್ ನಿನಗೇ ಅಲ್ವೇನೋ?"

"ಖಾಲಿ ಗುಡ್ಡದ ಮೇಲೆ ಗೆದ್ದು ಏನ್ ಮಾಡ್ಲಿ? ಬಾಯಿ ಮುಚ್ಕೊಂಡು ಸ್ಪ್ಯಾನರ್ ಹಿಡಿ."

ಇಬ್ಬರೂ ಸೇರಿ ಬಿಗಿದೆವು. ಟ್ರಾಂಟರ್ ಮತ್ತೆ ಬಂದು ಡಬ್ಬಿ ಜಗ್ಗಿದರು. ಈ ಸಲ ಕಾರೇ ಅಲುಗಿತು. ಸ್ಟಿಕ್ಕರ್ ಅಂಟಿಸಿ, ನನ್ನ ತೂತಿನ ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಮೊದಲ ಓಟದಲ್ಲಿ ಪೋಕಾಕ್ ನನಗಿಂತ ಕೂದಲೆಳೆಯಷ್ಟು ಮುಂದಿದ್ದ. ಎರಡನೆಯದರಲ್ಲಿ ನಾನು ಎಲ್ಲ ಕಡೆ ಬೇಗ ಹೋದೆ, ಕೊನೆಯ ತಿರುವಿನಲ್ಲಿ ಅತಿಯಾಗಿ ಬೇಗ ಹೋದೆ. ಒದ್ದೆ ಎಲೆಗಳ ಮೇಲೆ ಹಿಂದಿನ ಚಕ್ರ ಜಾರಿತು. ದಿಬ್ಬಕ್ಕೆ ಬಡಿದ ಕಾರು ಒಂದು ಪೂರ್ತಿ ಉರುಳು ಉರುಳಿ, ಇನ್ನೊಂದು ಅರ್ಧ ಉರುಳಿ ತಲೆಕೆಳಗಾಗಿ ನಿಂತಿತು.

ಬೆಲ್ಟಿನಲ್ಲಿ ಜೋತಾಡುತ್ತಾ ಕೈಕಾಲು ಅಲ್ಲಾಡಿಸಿ ನೋಡಿಕೊಂಡೆ. ಎಲ್ಲ ಇದ್ದವು. ಆಮೇಲೆ ಎಡಕ್ಕೆ ತಿರುಗಿದೆ. ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಬ್ಯಾಟರಿ, ಈಗ ಮೇಲಾಗಿದ್ದ ನೆಲಕ್ಕೆ ಕಚ್ಚಿಕೊಂಡು, ಬೆಳಿಗ್ಗೆ ಬಿಗಿದಲ್ಲೇ ಇತ್ತು. ಹನ್ನೊಂದು ಕಿಲೋ. ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಕೆಡುವ ಮೊದಲೇ ಬುದ್ಧಿ ಹೇಳುವವರಿದ್ದರು.

ಮೊದಲು ಓಡಿ ಬಂದವನು ಪೋಕಾಕ್. ಕಪ್ ಅವನಿಗೇ ಹೋಯಿತು. ಆ ದಿನ ನಾನು ಚಪ್ಪಾಳೆ ತಟ್ಟಿದಷ್ಟು ಯಾರೂ ತಟ್ಟಲಿಲ್ಲ.

ಸಂಜೆ ತಪಾಸಣೆಯ ಶೆಡ್ಡಿಗೆ ಹೋದೆ. ಟ್ರಾಂಟರ್ ಚಹಾ ಕುಡಿಯುತ್ತಿದ್ದರು. ಪಕ್ಕದ ಮೊಳೆಗೆ ನನ್ನ ಪಟ್ಟಿ ನೇತಾಡುತ್ತಿತ್ತು.

"ವಾಪಸ್ ಕೇಳಕ್ಕೆ ಬಂದ್ಯಾ? ಕೊಡಲ್ಲ. ಮುಂದೆ ಬರೋರಿಗೆ ತೋರಿಸ್ಬೇಕು."

"ಬೇಡ ತಾಯಿ. ಬಣ್ಣದ ಪೆನ್ ಇದ್ರೆ ಕೊಡಿ."

ಅವರು ಹುಡುಕಿ ಕೊಟ್ಟರು. ತೂತುಗಳ ನಡುವೆ ಉಳಿದಿದ್ದ ಚೂರು ಜಾಗದಲ್ಲಿ ದಪ್ಪ ಅಕ್ಷರಗಳಲ್ಲಿ ನನ್ನ ಪೂರ್ತಿ ಹೆಸರು ಬರೆದೆ: ಐವರ್ ಪ್ರಾಸರ್. ಮತ್ತೆ ಅದೇ ಮೊಳೆಗೆ ತೂಗುಹಾಕಿದೆ, ಬಾಗಿಲಿನಿಂದಲೇ ಕಾಣುವ ಹಾಗೆ.