ಔಷಧ ಹೊಡೆಯಬಾರದ ಗಿಡ

ಸಾಯುವ ಗಿಡವನ್ನು ನೋಡಿಕೊಂಡು ಸುಮ್ಮನೆ ಕೂರುವುದೂ ಒಂದು ಕೆಲಸ ಅಂದರೆ ನನ್ನ ಅಪ್ಪ ಮೋಹನದಾಸ್ ಕೊನೆಯವರೆಗೂ ನಂಬಲಿಲ್ಲ. ಪುಣೆಯ ಸ್ವಾರಗೇಟಿನ ಹತ್ತಿರ ನಮ್ಮದೊಂದು ಹೋಟೆಲಿತ್ತು. ಗಲ್ಲಾದಲ್ಲಿ ಕೂತು ಗಿರಾಕಿಗಳ ಎದುರೇ ನನ್ನನ್ನು ಕಾಡುತ್ತಿದ್ದರು: "ಜನ ಗಿಡದ ರೋಗ ವಾಸಿ ಮಾಡ್ತಾರೆ, ನೀನು ಚೆನ್ನಾಗಿದ್ದ ಗಿಡಕ್ಕೆ ರೋಗ ಹತ್ತಿಸ್ತೀಯಲ್ಲ ಮಾರಾಯ್ತಿ!" ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ತಟ್ಟೆ ತಳ್ಳಿ ಎದ್ದು ಹೋಗುತ್ತಿದ್ದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನುವುದೇ ಆ ಸಿಟ್ಟಿಗೆ ಕಾರಣ.

ನಾನು ಕೆಲಸ ಮಾಡುತ್ತಿದ್ದದ್ದು ಪುಣೆಯ ಹೊರಗೆ, ಸಾಸವಡದ ರಸ್ತೆಯಲ್ಲಿದ್ದ ಒಂದು ದಾಳಿಂಬೆ ಸಂಶೋಧನಾ ತೋಟದಲ್ಲಿ. 2003ರ ಮಳೆಗಾಲದಲ್ಲಿ ನಮ್ಮ ಕಡೆಗೂ ತೇಲ್ಯಾ ಅನ್ನುವ ರೋಗ ಬಂತು. ಎಲೆಯ ಮೇಲೆ, ಕಾಯಿಯ ಮೇಲೆ ಎಣ್ಣೆ ಸಿಡಿದ ಹಾಗೆ ಕಲೆ. ನೋಡನೋಡುತ್ತ ಕಲೆ ಕಪ್ಪಾಗಿ, ಕಾಯಿ ಬಿರಿದು ಉದುರುತ್ತದೆ. ಬರಿಗಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾದ ಕೆಲಸ ಅದು. ಔಷಧ ಹೊಡೆದರೆ ಅಷ್ಟು ದಿನ ತಡೆಯುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಔಷಧವಿಲ್ಲದೆ ತಾನೇ ತಡೆದುಕೊಳ್ಳುವ ಒಂದು ಗಿಡ ಬೇಕಿತ್ತು. ಅದನ್ನು ಹುಡುಕುವುದೇ ನನ್ನ ಕೆಲಸ.

ರೋಗ ತಡೆಯುವ ಜೀನ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಅಪ್ಪನನ್ನೇ ತೋರಿಸುತ್ತಿದ್ದೆ. ತಿಂದು ಹಿಂಬಾಗಿಲಿನಿಂದ ನುಸುಳುವವನ ಮುಖ ಅವರಿಗೆ ಒಮ್ಮೆ ಗುರುತಾದರೆ ಸಾಕು, ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಆದರೆ ಕಳ್ಳನೂ ದಡ್ಡನಲ್ಲ, ಮೀಸೆ ಬೋಳಿಸಿಕೊಂಡು ಬರುತ್ತಾನೆ. ಬೆಟ್ಟದ ಕಾಡುದಾಳಿಂಬೆ ಬೀಜದಿಂದ ಹುಟ್ಟುವುದು. ಒಂದೊಂದು ಗಿಡದ ಗಲ್ಲಾದಲ್ಲೂ ಬೇರೆ ಬೇರೆ ಮನುಷ್ಯ. ಕಳ್ಳನನ್ನು ಗುರುತಿಸದ ಗಿಡ ಸಾಯುತ್ತದೆ, ಗುರುತಿಸಿದ್ದು ಉಳಿದು ಬೀಜ ಬಿಡುತ್ತದೆ. ಸಾವಿರಾರು ವರ್ಷ ಸತ್ತು ಸತ್ತು ಕಲಿತ ವಿದ್ಯೆ ಅದು. ನಾವೇನು ಮಾಡಿದೆವು? ಸಿಹಿ ಹಣ್ಣಿನ ಒಂದೇ ಗಿಡ ಹಿಡಿದು, ಅದರ ಟೊಂಗೆಗೇ ಬೇರು ಬರಿಸಿ ಜಿಲ್ಲೆ ಜಿಲ್ಲೆಗೆ ನೆಟ್ಟೆವು. ಲಕ್ಷ ಗಿಡಕ್ಕೂ ಗಲ್ಲಾದಲ್ಲಿ ಒಬ್ಬನೇ ಮನುಷ್ಯ. ಅವನು ಕಲಿಯುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು, ಕಳ್ಳ ಮಾತ್ರ ದಿನಾ ಕಲಿಯುತ್ತಿದ್ದಾನೆ.

ತೇಲ್ಯಾ ಬರುವ ಮೊದಲೇ, 1999ರಲ್ಲಿ, ಬೇರೆ ಉದ್ದೇಶಕ್ಕೆಂದು ಕಾಡುದಾಳಿಂಬೆಯನ್ನೂ ನಮ್ಮ ದಾಳಿಂಬೆಯನ್ನೂ ಕೂಡಿಸಿ ಹುಟ್ಟಿಸಿದ ಮುನ್ನೂರಕ್ಕೂ ಹೆಚ್ಚು ಸಸಿಗಳನ್ನು ಒಂದು ತಾಕಿನಲ್ಲಿ ನೆಟ್ಟಿದ್ದೆವು. ರೋಗ ಬಂದ ಮೇಲೆ ಆ ತಾಕೇ ನಮ್ಮ ಆಸೆಯಾಯಿತು. ಅಲ್ಲಿಗೆ ಒಂದೇ ನಿಯಮ: ಯಾರೂ ಏನೂ ಮಾಡಬಾರದು. ಔಷಧ ಇಲ್ಲ, ರೋಗದ ಎಲೆ ಕೀಳುವಂತಿಲ್ಲ. ಸಾಯುವುದು ಸಾಯಲಿ. ಉಳಿದದ್ದು ನಮ್ಮದು.

ಈ ನಿಯಮವನ್ನು ಆಳುಗಳಿಗೆ ಹೇಳುವಾಗ ಸಾಬವ್ವ ನನ್ನನ್ನು ಒಂಥರಾ ನೋಡುತ್ತಿದ್ದಳು. ಅವಳು, ಅವಳ ಗಂಡ ಅಂಬಾರಾಯ ಯಾದಗಿರಿ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು ಈ ಸಸಿಗಳಿಗೆ ಗುಂಡಿ ತೋಡಲು ನಮ್ಮಲ್ಲಿಗೆ ಬಂದು, ತೋಟದ ಮೂಲೆಯ ತಗಡಿನ ಪತ್ರಾ ಶೆಡ್ಡಿನಲ್ಲೇ ಉಳಿದುಬಿಟ್ಟರು. ಪಕ್ಕದಲ್ಲೇ ಹಣ್ಣು ಮಾರಾಟಕ್ಕೆಂದು ಬೆಳೆಸಿದ ತೋಟಕ್ಕೆ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆಯುವುದು ಸಾಬವ್ವನ ಪಾಲಿನ ಕೆಲಸ.

ಮೂರು ಮಳೆಗಾಲ ಕಳೆಯಿತು. ತಾಕು ಸುಟ್ಟ ಹಾಗಾಯಿತು. ನಡುವಿನ ಸಾಲಿನ ಒಂದು ಗಿಡ ಮಾತ್ರ ಹಸಿರಾಗಿ, ಒಂದು ಕಲೆಯೂ ಇಲ್ಲದೆ ನಿಂತಿತ್ತು. ನಮ್ಮ ನಿರ್ದೇಶಕರು ಅದರ ಫೋಟೋ ಹಿಡಿದುಕೊಂಡು ದಿಲ್ಲಿಗೆ ಹೋಗಿ ಬಂದರು. ನನಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಬಂದವಳು ಚಹಾ ಕುಡಿಯುವ ಮೊದಲೇ ಹೋಗಿ ಆ ಗಿಡವನ್ನು ನೋಡುತ್ತಿದ್ದೆ. ಬೆಟ್ಟದ ಮೇಲೆ ಸಾವಿರ ವರ್ಷ ಸತ್ತ ಗಿಡಗಳೆಲ್ಲ ಸೇರಿ ನನಗೊಂದು ಉತ್ತರ ಕಳಿಸಿವೆ ಅನ್ನಿಸುತ್ತಿತ್ತು.

2006ರಲ್ಲಿ ಅದರ ಟೊಂಗೆಗಳ ಸಿಪ್ಪೆ ಸುಲಿದು, ಪಾಚಿ ಕಟ್ಟಿ, ಬೇರು ಬರಿಸಿ ಹೊಸ ಗಿಡ ಮಾಡಿದೆವು. ಗೂಟಿ ಗಿಡ ಅನ್ನುತ್ತಾರೆ. ಕುಂಡದಲ್ಲಿಟ್ಟು, ನೆರಳುಮನೆಯಲ್ಲಿ ರೋಗದ ನೀರು ಸಿಂಪಡಿಸಿದೆ. ಎಲ್ಲ ಗಿಡಗಳಿಗೂ ತೇಲ್ಯಾ ಬಂತು. ನಿರ್ದೇಶಕರು ಕೈ ತಪ್ಪಿರಬೇಕು ಎಂದರು. ಮತ್ತೆ ಮಾಡಿದೆ. ಮತ್ತೆ ಎಲ್ಲವೂ ಬಿದ್ದವು. ಅಮ್ಮ ಗಟ್ಟಿ, ಮಗು ಸೊರಗಿದ್ದು ಅನ್ನುವುದು ಮನುಷ್ಯರಲ್ಲಿ ಉಂಟು. ಗೂಟಿ ಗಿಡದಲ್ಲಿ ಸಾಧ್ಯವೇ ಇಲ್ಲ. ಅಲ್ಲಿ ತಾಯಿ, ಮಗು ಎರಡೂ ಒಂದೇ ಗಿಡ. ಅಂದಮೇಲೆ ತಾಯಿಗಿಡಕ್ಕೆ ಯಾರೋ ಏನೋ ಮಾಡುತ್ತಿದ್ದಾರೆ.

ಒಂದು ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾಗಿದ್ದಾಗ ನಾನು ಪಂಪ್‌ಹೌಸಿನ ಮರೆಯಲ್ಲಿ ಕೂತೆ. ಪಕ್ಕದ ತೋಟ ಮುಗಿಸಿ ಸಾಬವ್ವ ಬಂದಳು. ಅತ್ತಿತ್ತ ನೋಡಿ ನೇರ ಆ ಗಿಡದ ಹತ್ತಿರ ಹೋಗಿ, ಎಲೆ ಮಗುಚಿ ಮಗುಚಿ, ಅಡಿಗೂ ಮೇಲಕ್ಕೂ ಔಷಧ ಹೊಡೆದಳು. ನಾನು ಓಡಿದೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ 'ನೀವು' ನಿಲ್ಲುವುದಿಲ್ಲ.

"ಏನು ಮಾಡ್ತಾ ಇದ್ದೀ ನೀನು?"

ಅವಳು ಬೆಚ್ಚಿದಳು, ಆದರೆ ಪಂಪು ಬಚ್ಚಿಡಲಿಲ್ಲ. "ಉಳದದ್ದು ಔಷಧ ರೀ ಅಕ್ಕಾರ. ಸುಮ್ಮ ಚೆಲ್ಲೂದ್ಯಾಕ ಅಂತ..."

"ಎಷ್ಟು ದಿನದಿಂದ?"

"ತೇಲ್ಯಾ ಬಂದಾಗಿಂದ್ರಿ."

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನನ್ನ ಮೂರು ವರ್ಷವನ್ನು ನೀನು ನೀರಿಗೆ ಹಾಕಿದೆ ಅಂದೆ, ನನ್ನ ಮುಖಕ್ಕೆ ಮಸಿ ಬಳಿದೆ ಅಂದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ, "ಮುನ್ನೂರು ಗಿಡದಲ್ಲಿ ಇದೊಂದೇ ಯಾಕೆ?" ಎಂದೆ.

ಅವಳು ಪಂಪು ಇಳಿಸಿ ಗಿಡದ ಬುಡದಲ್ಲಿ ಕೂತಳು. "ಇದರ ಬುಡಕ್ಕ ನನ್ನ ಕೂಸು ಅದ ರೀ."

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು.

"ನಾವು ಕುಣಿ ತೋಡ್ಲಿಕ್ಕಿ ಬಂದ ವರ್ಷ ರೀ. ಶೆಡ್ಡಿನಾಗ ಭಾಳ ಮಳಿ. ಕೂಸಿಗಿ ಜ್ವರ ಬಂತು. ದವಾಖಾನಿ ಎಲ್ಲದ ಅಂತ ಕೇಳ್ಲಿಕ್ಕಿ ನಮಗ ಮರಾಠಿ ಬರ್ತಿದ್ದಿಲ್ಲ. ಹೋಗಿಬಿಡ್ತು. ಹಲ್ಲು ಬರದ ಕೂಸಿಗಿ ನಮ್ಮಲ್ಲಿ ಸುಡಂಗಿಲ್ರಿ, ಮಣ್ಣು ಮಾಡ್ತೀವಿ. ಊರಾಗಾದ್ರ ಹೊಲದ ಬದುವಿನಾಗ ಇಡ್ತಿದ್ವಿ. ಇಲ್ಲಿ ನಮ್ಮದಂತ ಮಣ್ಣು ಎಲ್ಲದ ರೀ? ನಮ್ಮನಿಯವ್ರು ತೋಡಿದ ಕುಣಿನೇ ಇನ್ನಷ್ಟು ಆಳ ತೋಡಿ ಇಟ್ಟರು. ಮರುದಿನ ನೀವೇ ಬಂದು ಅದರ ಮ್ಯಾಲ ಸಸಿ ಹಚ್ಚಿದ್ರಿ."

ಅವಳು ಬುಡದ ಮಣ್ಣನ್ನು ಅಂಗೈಯಿಂದ ಸವರಿದಳು.

"ಕೂಸಿಗಿ ಔಷಧ ಸಿಗಲಿಲ್ಲ. ಇದಕ್ಕರ ಸಿಗಲಿ ಅಂತ ಹೊಡದೀನ್ರಿ. ನೀವೆಲ್ಲ ಸಾಯೂದು ನೋಡ್ಕೋತ ನಿಂದರ್ತೀರಿ. ನನಗಾಗಲಿಲ್ಲ."

ನನ್ನ ಸಿಟ್ಟಿಗೆ ಹೋಗಲು ಜಾಗವೇ ಉಳಿಯಲಿಲ್ಲ. ಬೆಟ್ಟದ ಗಿಡಗಳಿಗೆ ಯಾರೂ ಔಷಧ ಹೊಡೆಯಲಿಲ್ಲ, ಅದಕ್ಕೇ ಅವು ಗಟ್ಟಿಯಾದವು ಎಂದು ನೂರು ಸಲ ಪಾಠ ಮಾಡಿದವಳು ನಾನು. ಆ ಮಾತು ಈಗಲೂ ನಿಜವೇ. "ಇನ್ನು ಮೇಲೆ ಹೊಡೀಬೇಡಿ ಸಾಬವ್ವಾ" ಎಂದಷ್ಟೇ ಹೇಳಿದೆ. ಅದನ್ನು ಹೇಳದೆ ನನಗೆ ಬೇರೆ ದಾರಿ ಇರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವಳು ಔಷಧ ಹೊಡೆಯಲಿಲ್ಲ. ಆಷಾಢದಲ್ಲಿ ಮೊದಲ ಕಲೆ ಕಂಡಿತು. ಶ್ರಾವಣ ಕಳೆಯುವಷ್ಟರಲ್ಲಿ ಆ ಗಿಡವೂ ಉಳಿದವುಗಳ ಹಾಗೆಯೇ ಆಯಿತು. ಸಾಬವ್ವ ದಿನಾ ಕೆಲಸ ಮುಗಿಸಿ ಬಂದು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ನಮ್ಮಿಬ್ಬರ ಹತ್ತಿರವೂ ಔಷಧ ಇತ್ತು.

ದೀಪಾವಳಿಯ ಹೊತ್ತಿಗೆ ಮೇಲಿನಿಂದ ಆದೇಶ ಬಂತು. ನಮ್ಮ ತಾಕಿನಿಂದಲೇ ಸುತ್ತಲಿನ ತೋಟಗಳಿಗೆ ರೋಗ ಹರಡುತ್ತಿದೆ ಎಂದು ರೈತರು ಗಲಾಟೆ ಮಾಡಿದ್ದರು. ತಪ್ಪೇನಿಲ್ಲ, ಹರಡುತ್ತಲೇ ಇತ್ತು. ಗಿಡಗಳನ್ನೆಲ್ಲ ಬೇರುಸಹಿತ ಕಿತ್ತು ಸುಡಬೇಕು. ನಾನು ನಿರ್ದೇಶಕರ ಕೋಣೆಗೆ ಹೋಗಿ ಒಂದು ಗಿಡ ಬಿಡಿ ಎಂದೆ. ಯಾಕೆ ಎಂದರು. ಯಾಕೆಂದು ಹೇಳಿದರೆ ಪೊಲೀಸರು ಬರುತ್ತಾರೆ, ಅಂಬಾರಾಯನ ಕೆಲಸ ಹೋಗುತ್ತದೆ, ಶೆಡ್ಡೂ ಹೋಗುತ್ತದೆ. ಬೇರಿನ ಮೇಲೆ ಏನೋ ಪರೀಕ್ಷೆ ಬಾಕಿ ಇದೆ ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ನಕ್ಕು, ಮರಾಠಿಯಲ್ಲಿ, "ಕುಸುಮತಾಯಿ, ಅದು ಗಿಡ, ನಿಮ್ಮ ಮಗುವಲ್ಲ" ಎಂದರು.

ಜೆಸಿಬಿ ಬಂದ ಬೆಳಗ್ಗೆ ಆಳುಗಳೆಲ್ಲ ಕಿತ್ತ ಗಿಡ ಒಟ್ಟಲು ಬುಟ್ಟಿ, ಕೊಡಲಿ ಹಿಡಿದು ನಿಂತಿದ್ದರು. ಅಂಬಾರಾಯ ಡ್ರೈವರನ ಹತ್ತಿರ ಹೋಗಿ, ನಡುವಿನ ಸಾಲಿನ ಒಂದು ಗಿಡ ಮಾತ್ರ ತಾನು ಕೈಯಿಂದಲೇ ಕೀಳುತ್ತೇನೆ ಎಂದು ಮರಾಠಿಯಲ್ಲಿ ಕೇಳಿಕೊಂಡ. ಈಗ ಅವನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಡ್ರೈವರ್ ತಾನು ಊಟದ ಹೊತ್ತಿಗೆ ಮುಗಿಸಬೇಕು ಎಂದು ಕೈಯಾಡಿಸಿ ಗಾಡಿ ಚಾಲೂ ಮಾಡಿದ.

ಸಾಬವ್ವ ನನ್ನ ಹತ್ತಿರ ಬಂದಳು. "ಅಕ್ಕಾರ, ಬೇರೂ ತೆಗೀತಾರೇನ್ರಿ?"

"ತೆಗೀತಾರೆ ಸಾಬವ್ವಾ."

"ಪೂರ್ತಿ?"

"ಪೂರ್ತಿ."

ಅವಳು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. ಸೆರಗು ಬಿಚ್ಚಿ, ಎರಡೂ ತುದಿ ಹಿಡಿದು ಉಡಿ ಮಾಡಿಕೊಂಡು ಆ ಗಿಡದ ಹತ್ತಿರ ಹೋಗಿ ನಿಂತಳು. ಬೇರಿನ ಜೊತೆ ಬಂದದ್ದನ್ನು ತುಂಬಿಕೊಂಡು ಆಮೇಲೆ ಎಲ್ಲಿಗೆ ಒಯ್ಯುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುವುದಕ್ಕೆ ಅವಳಿಗೊಂದು ಜಾಗವೂ ಇರಲಿಲ್ಲ. ಗಾಡಿ ಆಚೆಯ ತುದಿಯಿಂದ ಶುರುಮಾಡಿತ್ತು. ನಾನೂ ಹೋಗಿ ಅವಳ ಪಕ್ಕ ನಿಂತೆ.