ಹುಣಸೆ ಬೀಜದಷ್ಟು ಮನುಷ್ಯ

ಸಿದ್ದರಾಮ ಪಾತ್ರೆ ತಿಕ್ಕುವ ಸ್ಪಂಜಿನ ಒಂದು ಚೂರನ್ನು ಹರಿದುಕೊಂಡು ಕಂದು ಬಣ್ಣದಲ್ಲಿ ಅದ್ದಿದ. ಹಳೆಯ ಪೇಪರಿನ ಮೇಲೆ ಒತ್ತಿ ಒತ್ತಿ ಬಣ್ಣವನ್ನೆಲ್ಲ ತೆಗೆದ. ಇನ್ನೇನೂ ಉಳಿದಿಲ್ಲ ಅನ್ನುವ ಹೊತ್ತಿಗೆ ಅದನ್ನು ಯುದ್ಧದ ಪುಟ್ಟ ಟ್ಯಾಂಕಿನ ಅಂಚಿಗೆ ಮೆಲ್ಲಗೆ ತಾಗಿಸಿದ. ಹಸಿರು ಮೈಮೇಲೆ ಸಾಸಿವೆಯಷ್ಟು ಸಣ್ಣ ಕಲೆಗಳು ಎದ್ದವು. ಬಣ್ಣ ಕಿತ್ತುಹೋಗಿ ಒಳಗಿನ ಕಬ್ಬಿಣ ಕಂಡಂತೆ ಇದ್ದವು ಅವು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಚನ್ನಮ್ಮ ಎರಡು ಹೆಜ್ಜೆ ಮುಂದೆ ಬಂದಳು.

"ಅದೇನ ಮಾಡಾಕತ್ತೀರಿ?"

"ಕಾಣಂಗಿಲ್ಲೇನು? ಬಣ್ಣ ಹಚ್ಚಾಕತ್ತೀನಿ."

"ಹಚ್ಚಾಕತ್ತಿಲ್ಲ. ಕೆಡಸಾಕತ್ತೀರಿ."

ಸಿದ್ದರಾಮ ತಲೆ ಎತ್ತಲಿಲ್ಲ. ಬೆಟಗೇರಿಯಲ್ಲಿ ಅವನನ್ನು ಎಲ್ಲರೂ ಪೇಂಟರ್ ಸಿದ್ದರಾಮ ಎಂದೇ ಕರೆಯುವುದು. ಮುಂಡರಗಿ ರಸ್ತೆಯ ಗ್ಯಾರೇಜಿನಲ್ಲಿ ಲಾರಿಗಳ ತುಕ್ಕು ಕೆರೆದು, ಹೊಸ ಬಣ್ಣ ಹೊಡೆದು, ಹಿಂದಿನ ಹಲಗೆಯ ಮೇಲೆ ಕಮಲದ ಹೂವು ಬರೆದು ಕಳಿಸುವುದೇ ಅವನ ಬದುಕಾಗಿತ್ತು. ಹಳೆಯದನ್ನು ಹೊಸದು ಮಾಡುವ ಕೈ ಅದು. ಈಗ ಅದೇ ಕೈ ಹೊಸದನ್ನು ಹಳೆಯದು ಮಾಡುತ್ತಿತ್ತು.

ಟ್ಯಾಂಕು ಪ್ಲಾಸ್ಟಿಕ್ಕಿನದು. ಒಂದೂವರೆ ಗೇಣು ಉದ್ದ. ಮಗ ನಂದೀಶ ಸೈನ್ಯದಲ್ಲಿ ಟ್ಯಾಂಕ್ ಓಡಿಸುತ್ತಿದ್ದ. ರಜೆಗೆ ಬಂದಾಗ ಬಿಡಿಭಾಗಗಳ ಡಬ್ಬಿಯೊಂದನ್ನು ತಂದು, ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕೂತು, ಒಂದೊಂದೇ ಗಾಲಿಯನ್ನು ಅಂಟಿಸಿದ್ದ. ತಾನು ಓಡಿಸುವ ಗಾಡಿಯ ಪಡಿಯಚ್ಚು ಅದು ಎಂದು ತಾಯಿಗೆ ತೋರಿಸಿದ್ದ. "ನಾ ಇಲ್ಲಿ ಕುಂದ್ರತೀನಿ ನೋಡಬೇ" ಎಂದು ಮುಂದಿನ ಸಣ್ಣ ತೂತಿನಲ್ಲಿ ಒಬ್ಬ ಮನುಷ್ಯನನ್ನು ಇಟ್ಟಿದ್ದ. ತಲೆ, ಭುಜ ಅಷ್ಟೇ ಇದ್ದ ಮನುಷ್ಯ. ಹುಣಸೆ ಬೀಜದಷ್ಟಿದ್ದ. ಸಿದ್ದರಾಮ ನಾಲ್ಕೈದು ಕೂದಲಿನ ಕುಂಚದಿಂದ ಅವನಿಗೆ ಮೀಸೆ ಬರೆದು, "ಈಗ ಥೇಟ್ ನಿನ್ನ ಮಗ" ಎಂದಿದ್ದ.

ಹಸಿರು ಬಣ್ಣ ಒಣಗುವುದರೊಳಗೆ ರಜೆ ರದ್ದಾಯಿತು. ಗಡಿಯಲ್ಲಿ ಗದ್ದಲ ಎದ್ದಿತ್ತು. ಗದಗ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ನಂದೀಶ ಅಪ್ಪನಿಗೆ ಹೇಳಿದ್ದು ಟ್ಯಾಂಕಿನ ಮಾತೇ. "ಹಸರು ನಾ ಹೊಡದೀನಿ. ಮಣ್ಣು, ತುಕ್ಕು, ಮಸಿ ಹಚ್ಚಿ ಖರೇ ಗಾಡಿಗತೆ ಮಾಡೂದು ನಿಂದು. ನಾ ಫೋನ್ ಮಾಡೂದ್ರಾಗ ಮುಗಸು. ಫೋಟೋ ಬೇಕು ನನಗ. ನಿನ್ನ ಲಾರಿಗತೆ ಪಳಪಳ ಹೊಳಸಿ ಹಿಂದ ಕಮಲ ಬರದಿ ಅಂದ್ರ ನೋಡಪಾ ಮತ್ತ."

ಅವನು ಗಡಿ ಮುಟ್ಟಿದ ಮೇಲೆ ಒಂದೇ ಒಂದು ಸಂದೇಶ ಬಂದಿತ್ತು. ಫೋನ್ ಇಸ್ಕೊಳ್ಳಾಕತ್ತಾರ, ಹೆದರಬ್ಯಾಡ್ರಿ. ಅದರ ನಂತರ ಏನೂ ಇಲ್ಲ.

"ಹುಡುಗ ಅಲ್ಲಿ ಅಂಥಾದರಾಗ ಕುಂತಾನ," ಚನ್ನಮ್ಮ ಅಂದಳು. "ಇಲ್ಲಿ ನೀವು ಅವನ ಗಾಡಿಗಿ ಗುಂಡ ಬಿದ್ದಂಗ ಕಲಿ ಹಾಕಾಕತ್ತೀರಿ."

"ಗುಂಡಿಂದಲ್ಲ ಇದು. ಬೂಟಿಂದು. ದಿನಾ ಹತ್ತಿ ಇಳದು ಹತ್ತಿ ಇಳದು ಬಣ್ಣ ಹೋಗಿರತೈತಿ."

"ಏನರ ಆಗಲಿ. ಅವನ ಫೋನ್ ಬರೂತನಕ ಮುಟ್ಟಬ್ಯಾಡ್ರಿ."

ಸಿದ್ದರಾಮ ಸ್ಪಂಜನ್ನು ಕೆಳಗಿಟ್ಟ. "ಮುಟ್ಟದಿದ್ದರ ಏನ ಮಾಡ್ಲಿ ಹೇಳು. ಫೋನ್ ನೋಡಕೋತ ಕುಂದ್ರಲೇನು? ಅದ ನನ್ನ ಕೈಲೆ ಆಗಂಗಿಲ್ಲ."

ಆ ಮಾತು ಚನ್ನಮ್ಮನಿಗೆ ತಿಳಿಯಲಿಲ್ಲ ಅಂತಲ್ಲ. ತಿಳಿಯಿತು. ಆದರೂ ಆ ಕಲೆಗಳನ್ನು ನೋಡಲು ಅವಳಿಂದ ಆಗಲಿಲ್ಲ. ಬೆಳ್ಳಟ್ಟಿಯ ಅವಳ ತವರಿನಲ್ಲಿ ಯಾರಾದರೂ ಊರಿಗೆ ಹೊರಟರೆ ಅವರು ಹೋಗಿ ಮುಟ್ಟುವ ತನಕ ಮನೆಯ ಕಸ ಗುಡಿಸುತ್ತಿರಲಿಲ್ಲ. ಸಂದೇಶ ಬಂದಿದ್ದರೂ ಮಗ ಮುಟ್ಟಿದ್ದಾನೆ ಎಂದು ಅವಳ ಮನಸ್ಸು ಇನ್ನೂ ಒಪ್ಪಿರಲಿಲ್ಲ.

ಓಣಿಯ ಜನ ಅವಳೊಡನೆ ಬಿಸಿಲಿನ ಮಾತನ್ನಷ್ಟೇ ಆಡುತ್ತಿದ್ದರು. ಕಿರಾಣಿ ಅಂಗಡಿಯವನು ಬೆಲ್ಲ ತೂಗುತ್ತ, ಈ ಸಲ ಬಿಸಿಲು ಬಾಳ ನೋಡಕ್ಕ ಅಂದ. ಹಾಲಿನ ಯೂಸುಫ ಎಂದಿನಂತೆ ಏನ ಖಬರು ಅಂತ ಕೇಳುವುದನ್ನು ಬಿಟ್ಟಿದ್ದ. ಪಕ್ಕದ ಮನೆಯ ಗೌಸಬಿಯ ಟೀವಿಯಲ್ಲಿ ಮುಂಜಾನೆಯಿಂದ ಗಡಿಯ ಸುದ್ದಿಯದೇ ಕೂಗಾಟ. ಆದರೆ ಚನ್ನಮ್ಮ ನಳದ ಹತ್ತಿರ ಕೊಡ ಇಟ್ಟ ಸದ್ದಾದರೆ ಸಾಕು, ಅದರ ದನಿ ಕುಗ್ಗುತ್ತಿತ್ತು. ಯಾರು ಕುಗ್ಗಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮರುದಿನ ಸಿದ್ದರಾಮ ಎಣ್ಣೆಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ, ಚಹಾದಷ್ಟು ತೆಳ್ಳಗೆ ಮಾಡಿ, ಟ್ಯಾಂಕಿನ ಸಂದಿಗಳಲ್ಲಿ ಹರಿಬಿಟ್ಟ. ತಿರುಪುಗಳ ಕೆಳಗೆ ತುಕ್ಕು ಇಳಿದ ಗೆರೆಗಳನ್ನು ಎಳೆದ. ಹೊಗೆ ಬರುವ ಕಡೆ ಮಸಿ ಹಚ್ಚಿದ. ಒಣಗಲೆಂದು ಕಿಟಕಿಯಲ್ಲಿಟ್ಟು, "ಮುಟ್ಟಬ್ಯಾಡ, ಹಸಿ ಐತಿ" ಎಂದು ಹೇಳಿ ಗ್ಯಾರೇಜಿಗೆ ಹೋದ.

ಚನ್ನಮ್ಮ ರೊಟ್ಟಿ ಬಡಿಯಲು ಕೂತಳು. ಕಿಟಕಿಯ ಕಡೆ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬಿಸಿಲು ಬಿದ್ದು ಮಸಿ ಇನ್ನೂ ಕಪ್ಪಾಗಿ ಕಾಣುತ್ತಿತ್ತು. ಸುಟ್ಟ ಗಾಡಿಯ ಹಾಗೆ ಕಾಣುತ್ತದೆ ಎಂಬ ಮಾತು ಒಮ್ಮೆ ಮನಸ್ಸಿನಲ್ಲಿ ಬಂತು. ಬಂದದ್ದು ಹೋಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗ ಒಲೆ ಆರಿಸಿ ಎದ್ದಳು.

ಮಸಿ ಅಷ್ಟೇ ಒರೆಸಬೇಕು ಅಂದುಕೊಂಡಿದ್ದಳು. ಒದ್ದೆ ಅರಿವೆಯಿಂದ ಒಮ್ಮೆ ಎಳೆದಳು. ಮಸಿ ಹೋಗುವ ಬದಲು ಹಿಂಭಾಗವೆಲ್ಲ ಹರಡಿತು. ಇನ್ನೊಮ್ಮೆ ಎಳೆದಳು. ಫಿರಂಗಿಯ ನಳಿಗೆಯ ತನಕ ಕಪ್ಪಾಯಿತು. ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಚ್ಚಲಿಗೆ ಒಯ್ದು, ಸಬಕಾರ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಸಣ್ಣ ಮಕ್ಕಳಿಗೆ ಎರೆಯುವ ಹಾಗೆ ತಂಬಿಗೆಯಿಂದ ನೀರು ಹನಿಸಿದಳು. ಕಪ್ಪು ನೀರು ಮೋರಿಗೆ ಹರಿಯಿತು. ಹಸಿರು ಮತ್ತೆ ಮೇಲೆ ಬಂತು. ಟ್ಯಾಂಕನ್ನು ಬೆಳಕಿಗೆ ತಿರುಗಿಸಿದಳು.

ಮುಂದಿನ ತೂತು ಖಾಲಿಯಾಗಿತ್ತು.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಬೆರಳಿನ ತುದಿ ಇಟ್ಟು ನೋಡಿದಳು. ಬರೀ ತೂತು. ಮೀಸೆಯ ಮನುಷ್ಯ ಇರಲಿಲ್ಲ.

ಬಚ್ಚಲ ಕಲ್ಲಿನ ಮೇಲೆ ಮೊಣಕಾಲೂರಿ ಕೂತಳು. ನೊರೆಯನ್ನು ಅಂಗೈಯಿಂದ ಸರಿಸಿದಳು. ಕೊಡದ ಬುಡ, ಒಗೆಯುವ ಕಲ್ಲಿನ ಸಂದಿ, ಸಬಕಾರದ ಡಬ್ಬಿ, ಎಲ್ಲಾ ತಡಕಿದಳು. ಮೋರಿಯ ಬಾಯಿಯೊಳಗೆ ಮೊಣಕೈ ತನಕ ತೋಳು ಹಾಕಿದಳು. ಕೂದಲು, ಕಸ, ಒಂದು ಗುಂಡಿ ಸಿಕ್ಕವು. ನಾನೇ ತೊಳೆದೆ ಎಂದು ಒಂದೇ ಸಮನೆ ಅಂದುಕೊಳ್ಳುತ್ತಿದ್ದಳು. ನಾನೇ ತೊಳೆದು ಹರಿಬಿಟ್ಟೆ.

ಆಗಲೇ ಫೋನ್ ಹೊಡೆದುಕೊಂಡಿತು.

ಎದ್ದು ಓಡುವಾಗ ಹೊಸ್ತಿಲು ಎಡವಿದಳು. ಸಬಕಾರದ ಬೆರಳಿಗೆ ಫೋನಿನ ಗಾಜು ಜಾರುತ್ತಿತ್ತು. ಸೀರೆಗೆ ಕೈ ಒರೆಸಿ ಕಿವಿಗಿಟ್ಟುಕೊಂಡಳು. ಅದೊಂದು ಹುಡುಗಿಯ ದನಿ, ಮೊದಲೇ ಮುದ್ರಿಸಿದ್ದು. ನಿಮ್ಮ ರೀಚಾರ್ಜ್ ಅವಧಿ ಮುಗಿಯುತ್ತಿದೆ ಎಂದು ನಗುನಗುತ್ತಾ ಹೇಳಿತು. ಚನ್ನಮ್ಮ ಅದನ್ನು ಕೊನೆಯ ತನಕ ಕೇಳಿದಳು. ನಡುವೆ ಇಡಲು ಕೈ ಬರಲಿಲ್ಲ.

"ಯಕ್ಕಾ."

ಗೌಸಬಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಬಚ್ಚಲಿನ ಸದ್ದಿಗೋ ಫೋನಿನ ಸದ್ದಿಗೋ ಬಂದಿದ್ದಳು. ಚನ್ನಮ್ಮನ ಮುಖ ನೋಡಿ, ಕೈಯಲ್ಲಿದ್ದ ಫೋನ್ ನೋಡಿ, ಗೋಡೆ ಹಿಡಿದುಕೊಂಡಳು.

"ಅವನದಲ್ಲ," ಚನ್ನಮ್ಮ ಅಂದಳು. "ರೀಚಾರ್ಜಿಂದು."

ಗೌಸಬಿ ಉಸಿರು ಬಿಟ್ಟಳು. "ಮತ್ಯಾಕ ಹಿಂಗ ತೊಯ್ಸಿಕೊಂಡೀದಿ? ಏನರ ಕಳದೈತೇನು?"

"ಮನಷ್ಯಾ." ಹೇಳಿದ ಮೇಲೆ ಅವಳ ದನಿಯೇ ಅವಳಿಗೆ ಹೆದರಿಕೆ ತಂದಿತು. "ಸಣ್ಣ ಮನಷ್ಯಾ ಬೇ. ಹುಣಸಿ ಬೀಜದಷ್ಟು. ಟ್ಯಾಂಕಿನ್ಯಾಗ ಇದ್ದ. ನೀರಾಗ ಹ್ವಾದ."

ಗೌಸಬಿ ನಗಲಿಲ್ಲ. ಪ್ಲಾಸ್ಟಿಕ್ಕಿಂದು ಹೋದರ ಹೋತು ಬಿಡು ಅನ್ನಲೂ ಇಲ್ಲ. ತನ್ನ ಮನೆಗೆ ಹೋಗಿ ಹಿಟ್ಟು ಸೋಸುವ ಜರಡಿ ತಂದಳು. ಮೋರಿ ಹೋಗಿ ಗಟಾರಕ್ಕೆ ಸೇರುವ ಜಾಗದಲ್ಲಿ, ಉರಿಬಿಸಿಲಿನಲ್ಲಿ, ಸೆರಗನ್ನು ತಲೆಗೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಳು. ಬೊಗಸೆ ಬೊಗಸೆ ರಾಡಿಯನ್ನು ಜರಡಿಗೆ ಹಾಕಿ ನೀರಲ್ಲಿ ಅಲುಗಿಸಿದಳು. ಚನ್ನಮ್ಮ ಎದುರಿಗೆ ಕೂತು ಉಳಿದ ಕಸವನ್ನು ಬೆರಳಿನಿಂದ ಕೆದಕಿದಳು.

ಸಂಜೆಯ ಹಾಲು ತಂದ ಯೂಸುಫ ಸೈಕಲ್ ನಿಲ್ಲಿಸಿದ. "ಬಂಗಾರ ಬಿದ್ದೈತೇನ ಚಾಚಿ?"

"ಹೌದಪಾ, ಬಂಗಾರನ," ಗೌಸಬಿ ತಲೆ ಎತ್ತದೆ ಅಂದಳು. "ಸೈಕಲ್ ಆ ಕಡೆ ಹಿಡಿ. ಹರಿಯೂ ನೀರ ತುಳೀಬ್ಯಾಡ."

ಅವನು ಸೈಕಲ್ಲನ್ನು ಎತ್ತಿ ಆಚೆಗಿಟ್ಟು, ತಾನೂ ಸ್ವಲ್ಪ ಹೊತ್ತು ಬಗ್ಗಿ ಹುಡುಕಿದ. ಏನು ಹುಡುಕಬೇಕೆಂದು ಕೇಳಲಿಲ್ಲ. ಮೂವರಿಗೂ ಸಿಗಲಿಲ್ಲ.

ಸಿದ್ದರಾಮ ಬಂದಾಗ ಟ್ಯಾಂಕು ಕಟ್ಟೆಯ ಮೇಲೆ ಅರಿವೆ ಹಾಸಿ ಇಟ್ಟಲ್ಲೇ ಇತ್ತು. ಎರಡು ದಿನದ ಕೆಲಸ ನೀರಿಗೆ ಹೋಗಿತ್ತು. ಅವನು ಚಪ್ಪಲಿಯನ್ನೂ ಬಿಡದೆ ಅದನ್ನೇ ನೋಡುತ್ತ ನಿಂತ. ಚನ್ನಮ್ಮ ರಾಡಿಗೈಯಲ್ಲೇ ಬಂದು ಎಲ್ಲಾ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಬೈಯಲಿ ಎಂದು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

ಅವನು ಟ್ಯಾಂಕನ್ನು ಎತ್ತಿಕೊಂಡು ಒಳಗೆ ಹೋಗಿ ಕಿಟಕಿಯ ಬೆಳಕಿಗೆ ಕೂತ. ಖಾಲಿ ತೂತಿನ ಪಕ್ಕಕ್ಕೆ ಅದರ ಮುಚ್ಚಳ ಇತ್ತು. ನಂದೀಶ ಅದನ್ನು ತೆರೆದಿಟ್ಟ ಹಾಗೆ ಅಂಟಿಸಿದ್ದ. ಸಿದ್ದರಾಮ ಬ್ಲೇಡಿನ ತುದಿಯನ್ನು ಅದರ ಕೆಳಗೆ ತೂರಿಸಿದ. ಕೂದಲಿನಷ್ಟೇ ಮುಂದೆ ಸರಿಸಿ ನಿಲ್ಲಿಸಿದ. ಮತ್ತೆ ಸರಿಸಿದ. ಚನ್ನಮ್ಮ ಬ್ಲೇಡಿನ ತುದಿಯನ್ನೇ ನೋಡುತ್ತಿದ್ದಳು. ಅದೂ ಮುರಿದರೆ ಇನ್ನು ನೋಡಲಾರೆ ಅನ್ನಿಸಿತು. ಟಕ್ ಎಂದು ಮುಚ್ಚಳ ಕಿತ್ತು ಅವನ ಅಂಗೈಗೆ ಬಿತ್ತು. ಮುರಿದಿರಲಿಲ್ಲ. ಅಂಚಿಗೆ ಒಂದು ಹನಿ ಅಂಟು ಹಚ್ಚಿ, ತೂತಿನ ಮೇಲೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದ.

"ಅಷ್ಟ ಗದ್ಲದಾಗ ಯಾರ ತಲಿ ಹೊರಗ ಹಾಕ್ಯಾರು?" ಎಂದ. "ಒಳಗದಾನ ತಗೊ."

ಚನ್ನಮ್ಮ ಮುಚ್ಚಿದ ತೂತನ್ನು ಒಮ್ಮೆ ನೋಡಿದಳು. ಕೈ ತೊಳೆಯಲು ಎದ್ದಳು. ಅವಳು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು.

ಗುರುತಿಲ್ಲದ ನಂಬರು. ರೀಚಾರ್ಜಿನವಳೇ ಇರಬೇಕೆಂದು ಎತ್ತಿದಳು. ಗಂಡಸಿನ ದನಿ, ಒರಟು ದನಿ. "ನಂದೀಶ್ ಕೆ ಘರ್ ಸೆ?"

ಹಿಂದಿ ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಮಗನ ಹೆಸರಷ್ಟೇ ತಿಳಿಯಿತು. ಅದೂ ಗುರುತಿಲ್ಲದವನ ಬಾಯಲ್ಲಿ. ಫೋನನ್ನು ಗಂಡನ ಕಡೆ ಚಾಚಿದಳು. ಅವನು ಮುಚ್ಚಳದ ಮೇಲಿನ ಹೆಬ್ಬೆರಳು ತೆಗೆಯದೆ ಎಡಗೈಯಿಂದ ತೆಗೆದುಕೊಂಡ.

"ಹಾಂಜಿ," ಎಂದ. ಆ ಕಡೆಯ ಮಾತಿಗೆ ಕಿವಿಗೊಟ್ಟ. "ಹಾಂಜಿ. ಬಾಪ್ ಬೋಲ್ ರಹಾ ಹೂಂ." ತಾನು ಅವನ ಅಪ್ಪ ಎಂದು ತಿಳಿಸಿ ಮತ್ತೆ ಕಿವಿಗೊಟ್ಟ. ಬಾಗಿಲಲ್ಲಿ ಗೌಸಬಿ ತೊಟ್ಟಿಕ್ಕುವ ಜರಡಿ ಹಿಡಿದುಕೊಂಡೇ ನಿಂತಿದ್ದಳು. "ಹಾಂಜಿ," ಎಂದು ಮೂರನೆಯ ಸಲ ಹೇಳಿ ಸಿದ್ದರಾಮ ಫೋನನ್ನು ಹೆಂಡತಿಯ ಕಡೆಗೆ ಚಾಚಿದ. ಅವನ ಮುಖದಲ್ಲಿ ಏನೂ ಓದಲಾಗಲಿಲ್ಲ.

"ಮಾತಾಡು."

"ಯಾರ ಜೋಡಿ?"

"ಮಾತಾಡು ಅಂದೆ."

ಕಿವಿಗಿಟ್ಟುಕೊಂಡಳು. ಗಾಳಿಯ ಸದ್ದು. ಆಮೇಲೆ, "ಯವ್ವಾ."

ಅವಳು ನೆಲಕ್ಕೆ ಕೂತಳು.

"ಯವ್ವಾ, ಕೇಳಾಕತ್ತೈತಿ ಇಲ್ಲ? ನಮಗ ಕಲಿಸಿದ ಉಸ್ತಾದಂದು ಫೋನ್ ಇದು. ಜಲ್ದಿ ಕೊಡಬೇಕು."

"ಉಂಡೀಯೇನೋ?"

"ಉಂಡೆ. ನೀ ಉಂಡಿ?"

"ಜಳಕಾ ಮಾಡೀಯೇನು?"

ಆ ಕಡೆ ನಗೆ. "ಜಳಕಾ ಎಲ್ಲಿಂದ ತರ್ಲಿಬೇ. ಕಿವ್ಯಾಗ ಮಣ್ಣು, ಮೂಗಿನ್ಯಾಗ ಮಣ್ಣು. ನೀ ನೋಡಿದ್ರ ಗುರ್ತ ಹಿಡ್ಯಾಂಗಿಲ್ಲ. ಅಪ್ಪ ಟ್ಯಾಂಕ್ ಮುಗಸ್ಯಾನೇನು?"

ಚನ್ನಮ್ಮ ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು, ಇನ್ನೂ ಹೆಬ್ಬೆರಳು ಒತ್ತಿಕೊಂಡೇ ಕೂತಿದ್ದ.

"ಮುಗಸಿದ್ರು. ನಾ ತೊಳದಬಿಟ್ಟೆ."

"ಏನ ತೊಳದಿ?"

"ಟ್ಯಾಂಕ್. ಸಬಕಾರ ಹಚ್ಚಿ."

ನಂದೀಶ ಯಾರಿಗೋ ಹಿಂದಿಯಲ್ಲಿ ಏನೋ ಹೇಳುವುದು ಕೇಳಿಸಿತು. ಅದರ ಹಿಂದೆ ನಾಲ್ಕಾರು ಗಂಡಸರು ಒಟ್ಟಿಗೆ ನಕ್ಕರು. ಯಾರ ಯಾರ ಮಕ್ಕಳೋ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಮ್ಮದೂ ತೊಳ್ಯಾಕ ಬಾ ಅಂತಾರಬೇ ಎಲ್ಲಾರೂ," ಎಂದ ನಂದೀಶ. "ಯವ್ವಾ, ಇಡತೀನಿ. ಮತ್ತ ಯಾವಾಗ ಮಾಡ್ತೀನೋ ಗೊತ್ತಿಲ್ಲ. ನಾ..."

ಅಲ್ಲಿಗೆ ಕಡಿದುಹೋಯಿತು.

ಗೌಸಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾ ತರ್ತೀನಿ ಅಂದು ಹೋದಳು. ಫೋನಿನ ಪರದೆ ಆರಿತು. ಮುಂದೆ ಯಾವಾಗ, ಅದು ಯಾರಿಗೂ ತಿಳಿದಿರಲಿಲ್ಲ. ರಾತ್ರಿ ಇನ್ನೂ ಬರುವುದಿತ್ತು. ಟೀವಿಯಲ್ಲಿ ಏನು ಹೇಳುತ್ತಾರೋ ಅದೂ ಇತ್ತು.

ಚನ್ನಮ್ಮ ಎದ್ದು ಕೈ ತೊಳೆದು ಬಂದು ಗಂಡನ ಎದುರಿಗೆ ಚಾಪೆಯ ಮೇಲೆ ಕೂತಳು. ಅವನು ಮೊದಲೇ ಬೆಳ್ಳಟ್ಟಿಯ ಕೆಂಪು ಮಸಾರಿ ಮಣ್ಣಿಗೆ ಒಲೆಯ ಬೂದಿ ಬೆರೆಸಿ, ವಸ್ತ್ರದಲ್ಲಿ ಸೋಸಿ ಇಟ್ಟ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಲ್ಲೆಲ್ಲಿ ಹಚ್ಚಬೇಕು ಹೇಳ್ರಿ."

"ತಡಿ. ಮೊದಲ ಆ ತುಕ್ಕು ಮತ್ತ ಎಳೀಬೇಕು. ಮಣ್ಣು ಕಡೀಕ."

"ನೀವು ತುಕ್ಕು ಎಳೀರಿ. ನಾ ಗಾಲಿಗಿ ಹಚ್ಚತೀನಿ."

ಸಿದ್ದರಾಮ ಅವಳಿಗೆ ಒಂದು ಮೆತ್ತನೆಯ ಕುಂಚ ಕೊಟ್ಟ. ಆಮೇಲೆ ಟ್ಯಾಂಕನ್ನು ಅವಳ ಕಡೆಗೆ ತಿರುಗಿಸಿ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಚನ್ನಮ್ಮ ಕುಂಚದ ತುದಿಯಲ್ಲಿ ಒಂದು ಚಿಟಿಕೆ ಧೂಳು ತೆಗೆದು ಮೊದಲನೆಯ ಗಾಲಿಯ ಮೇಲೆ ಉದುರಿಸಿದಳು.

"ಸಾಕೇನ್ರಿ?"

"ಇನ್ನಷ್ಟ ಹಾಕು," ಸಿದ್ದರಾಮ ಅಂದ. "ಕಿವ್ಯಾಗೂ ಐತಿ ಅಂದಾನಲ್ಲ."